ಮೊದಲ ನೀರಿನ ಬಾಟಲಿ

ಪಂಚಶೀಲಾಳ ಸಂಶೋಧನಾ ಪ್ರಬಂಧ ಸೋಮವಾರ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ನಾಲ್ಕು ವರ್ಷದ ದುಡಿಮೆ. ನರೋಣಾದ ಮನೆಯಲ್ಲಿ ಕುಳಿತು ಮೂರನೆಯ ಅಧ್ಯಾಯವನ್ನು ಕೊನೆಯ ಸಲ ಓದಿ ಮುಗಿಸಿದ್ದಳು. ದಕ್ಷಿಣ ಧ್ರುವದ ಕಡೆ, ಮಳೆಯೇ ಕಾಣದ ಮರುಭೂಮಿಯಲ್ಲಿ, ಹಿಮನದಿ ಕರಗಿ ಹರಿಯುವ ಒಂದು ತೊರೆಯ ಕುರಿತು ಅದು. ವರ್ಷದಲ್ಲಿ ಎರಡು ತಿಂಗಳಷ್ಟೇ ಅಲ್ಲಿ ನೀರು. ಉಳಿದ ಕಾಲ ತಳದ ಕಪ್ಪು ಪಾಚಿ ಹಪ್ಪಳದಂತೆ ಒಣಗಿ ಬಿದ್ದಿರುತ್ತದೆ. ಹೊಸ ನೀರು ತಾಗಿದಾಗ ಆ ಪಾಚಿಯಿಂದ ಎಷ್ಟು ಇಂಗಾಲ ನೀರಿಗೆ ಕರಗುತ್ತದೆ? ಬಹಳ ಕಡಿಮೆ ಎನ್ನುತ್ತಿತ್ತು ಅವಳ ಅಧ್ಯಾಯ. ಕೇಳಿದವರೆಲ್ಲ ಬೆರಗಾಗಿದ್ದರು. ಅದಕ್ಕೆ ಆಧಾರ ಒಂದೇ ಒಂದು ಬಾಟಲಿ ನೀರು, ತೊರೆ ಹರಿಯತೊಡಗಿದ ಮೊದಲ ದಿನದ್ದು.

ಅದನ್ನು ಅಲ್ಲಿಂದ ತುಂಬಿ ತಂದವನು ಜೇವರ್ಗಿಯ ಮಹೇಶಕುಮಾರ. ಅವಳಿಗಿಂತ ಹಿರಿಯ ಸಂಶೋಧಕ, ಪ್ರಯೋಗಾಲಯದ ಯಂತ್ರ ಮುಟ್ಟಲು ಕಲಿಸಿದವನು. ಅಣ್ಣ ಎಂದೇ ಕರೆಯುತ್ತಿದ್ದಳು.

ಆ ಮಧ್ಯಾಹ್ನ ಅವನು ಊಟಕ್ಕೆ ಬಂದಿದ್ದ.

"ಧ್ರುವಕ್ಕ ಹೋಗಿ ಬಂದಾಂವ ಇನ್ನೊಂದು ರೊಟ್ಟಿಗೆ ಹೆದರ್ತಿಯೇನಪಾ?" ಎಂದು ಪಂಚಶೀಲಾಳ ತಾಯಿ ರಮಾಬಾಯಿ ಬಡಿಸಿದಳು. "ನಿನ್ನಿ ಮಳಿಗೆ ಹಳ್ಳಕ್ಕ ಹೊಸ ನೀರು ಬಂದದ. ಎಮ್ಮಿಗೂ ಕುಡಸಬ್ಯಾಡ ಅಂದೀನಿ."

ಮಹೇಶ ನಕ್ಕ. "ನಮ್ಮವ್ವನೂ ಹಂಗೇ. ಎರಡು ದಿನ ಹರಿದು ಹೋಗ್ಲಿ, ಆಮ್ಯಾಲ ಕೊಡ ಮುಳುಗಸು ಅಂತಿದ್ಳು. ಅಲ್ಲೀನೂ ನಾ ಹಂಗೇ ಮಾಡ್ದೆ. ಕರ್ರಗ ರಾಡಿ ಬರಾಕತ್ತಿತ್ತು, ಅದನ್ಯಾಂವ ತುಂಬ್ತಾನ? ಮೂರನೇ ದಿನಕ್ಕ ತಿಳಿಯಾಯ್ತು, ತುಂಬ್ದೆ."

ಪಂಚಶೀಲಾ ತುತ್ತನ್ನು ತಾಟಿಗೆ ಇಟ್ಟಳು. "ಬಾಟಲಿ ಮ್ಯಾಲ ಮೊದಲ ದಿನದ ತಾರೀಖು ಬರ್ದಿದ್ದಿ."

"ನಿಮ್ಮ ಗೈಡ್ ಸರ್‌ಗ ಮೊದಲ ದಿನದ್ದೇ ಬೇಕಿತ್ತಲ್ಲ ಬೇ. ಬರ್ದೆ."

"ಆ ರಾಡಿಯೊಳಗೇ ಇತ್ತಲ್ಲೋ ಅಣ್ಣ ಇಂಗಾಲ! ಇಷ್ಟು ಕಡಿಮಿ ಹ್ಯಾಂಗ ಬಂತು ಅಂತ ಎರಡು ಸಲ ಕೇಳಿದ್ದೆ ನಿನಗ. ನಿನ್ನ ಅಳತಿ ಬರೋಬ್ಬರಿ ಅದ, ಧೈರ್ಯಾ ಮಾಡಿ ಬರಿ ಅಂದಿ."

ಅವನು ತಾಟು ಪಕ್ಕಕ್ಕೆ ಸರಿಸಿದ. "ಹೇಳಿದ್ರ ನನ್ನ ಮತ್ತ ಧ್ರುವಕ್ಕ ಕಳಸ್ತಿರಲಿಲ್ಲ. ಈಗ್ಯಾರಿಗೆ ಗೊತ್ತಾಗ್ತದ? ನಿನಗ, ನನಗ ಅಷ್ಟ."

ತಡವಾಗಿ ತುಂಬಿದ್ದನ್ನು ಅವಳು ಕ್ಷಮಿಸಿಬಿಡುತ್ತಿದ್ದಳು. ಅವಳೂ ಹಳ್ಳದ ಹೊಸ ನೀರು ಹರಿಯಬಿಟ್ಟು ತಿಳಿನೀರು ಕುಡಿದು ಬೆಳೆದವಳೇ. ಆದರೆ ಅನುಮಾನ ಬಂದು ಕೇಳಿದಾಗಲೂ ಬಾಯಿ ಬಿಡದೆ ಬೆನ್ನು ತಟ್ಟಿದ್ದನಲ್ಲ!

ಕೈ ತೊಳೆದು ಬಂದು, ಅವನೆದುರೇ ಮಾರ್ಗದರ್ಶಕರಿಗೆ ಫೋನು ಮಾಡಿ ಸ್ಪೀಕರ್ ಹಾಕಿದಳು.

"ಸರ್, ಸೋಮವಾರ ಕೊಡೂದು ಆಗಂಗಿಲ್ರಿ. ಮೊದಲ ದಿನದ ಲೆಕ್ಕ ತಪ್ಪಾಗ್ಯದ."

"ಯಾಕಮ್ಮ? ಏನಾಯ್ತು?"

ಅವಳು ಫೋನನ್ನು ಮಹೇಶನ ಮುಂದೆ ಹಿಡಿದಳು. "ನೀನೇ ಹೇಳು."

ಅವನು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬೈಕಿನ ಸದ್ದು ಓಣಿ ದಾಟಿತು. "ಹಲೋ? ಯಾರಿದ್ದೀರಿ ಅಲ್ಲಿ?" ಎನ್ನುತ್ತಲೇ ಇದ್ದರು ಸರ್.

"ನಾನೇ ಹೇಳ್ತೇನ್ರಿ," ಎಂದಳು. ಅವನ ಹೆಸರು ಬಾಯಿಗೆ ಬರಲು ಮಾತ್ರ ತುಸು ಹೊತ್ತು ಹಿಡಿಯಿತು.