ಒಲೆಗೇರದ ಮಡಕೆ

ಬಾಗಿಲಿಗೆ ಸಗಣಿ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದೆ. ಅರ್ಧ ಎಳೆದಿದ್ದೆನೋ ಇಲ್ಲವೋ, ಎದುರಿಗೆ ಎರಡು ಬರಿಗಾಲು ಬಂದು ನಿಂತವು. ತಲೆಯೆತ್ತಿದರೆ ಕೆರೆ ಕೆಳಗಿನ ತೋಟದ ಜವರಪ್ಪ.

"ಮಡಕೆ ಐತೇನವ್ವಾ?"

ಮಡಕೆ ಸುಟ್ಟ ಆವಿಗೆ ಬಿಚ್ಚಿ ತಿಂಗಳಾಗಿತ್ತು. ಆ ಮಾತನ್ನು ನನ್ನ ಬಾಗಿಲಲ್ಲಿ ನಿಂತು ಕೇಳಿದವನು ಅವನೇ ಮೊದಲಿಗ.

ಯುದ್ಧಕ್ಕೆ ನೂಲು ಸಿಗದಂತಾಗಿ ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತಿದ್ದವು. ನಮ್ಮದು ನಿಂತ ವರ್ಷವೇ ನನ್ನ ಗಂಡ ಚೌಡಯ್ಯನವರಿಗೆ ಕೆಮ್ಮು ಹತ್ತಿತು. ಅವರು ಹಾಸಿಗೆ ಹಿಡಿದಾಗ ನನಗೆ ನಲವತ್ತಾರು, ಮಗಳು ಬನಶಂಕರಿಗೆ ಏಳು. ನೂಲು ಸುತ್ತುವುದು ಬಿಟ್ಟರೆ ನನಗೆ ಬೇರೆ ಕಸುಬು ಗೊತ್ತಿರಲಿಲ್ಲ. ಊರಿನ ಒಬ್ಬನೇ ಕುಂಬಾರ ತೀರಿಕೊಂಡು ಅವನ ತಿಗರಿ ಚಕ್ರ ಅಂಗಳದಲ್ಲಿ ಸುಮ್ಮನೆ ಬಿದ್ದಿತ್ತು. ಅವನ ಹೆಂಡತಿ ಸಪ್ಪಲಮ್ಮನನ್ನು ಹೋಗಿ ಕೇಳಿದೆ.

"ನಮ್ಮೋರಲ್ಲಿ ಹೆಂಗಸ್ರು ತಿಗರಿ ಮುಟ್ಟಂಗಿಲ್ಲ ಕಣಮ್ಮಿ. ನೀನು ನಮ್ಮೋಳಲ್ವಲ್ಲ, ನಿಂಗ್ಯಾವ ಕಟ್ಟಳೆ? ಎತ್ಕೊಂಡೋಗು. ದೂರ ಕೂತು ಹೇಳ್ಕೊಡ್ತೀನಿ."

ಮಗ್ಗದ ಗುಂಡಿಯಲ್ಲೇ ಕೆರೆಯ ಜೇಡಿ ನೆನೆಹಾಕಿದೆ. ಹಾಸಿಗೆಯಲ್ಲಿದ್ದ ಇವರು ಗೋಡೆ ಕಡೆ ಮುಖ ಮಾಡಿ ಮಲಗಿದರು. ನಾಲ್ಕನೆಯ ದಿನ, "ಕಲ್ಲು ಐತೆ, ಸೋಸು. ನೂಲಿಗೆ ಗಂಜಿ ಸೋಸಲ್ವಾ, ಹಂಗೆ" ಅಂದರು.

ಸುಟ್ಟ ಮೂವತ್ತರಲ್ಲಿ ಉಳಿದದ್ದು ಹನ್ನೊಂದು. ತಲೆಯ ಮೇಲೆ ಹೊತ್ತು ರಾಜಘಟ್ಟದವರೆಗೂ ಹೋದೆ. "ನೇಯ್ಗೆಯೋರ ಮಡಕೆ! ನೀರು ಹುಯ್ದ್ರೆ ಬಣ್ಣ ಬಿಡಾದೋ, ಎಳೆ ಬಿಡಾದೋ?" ಎಂದು ನಕ್ಕರು. ಹನ್ನೊಂದೂ ಮನೆಗೆ ವಾಪಸು ಬಂದವು. ಹಿಟ್ಟಿನ ಗುಡಾಣದ ತಳ ಕಾಣುತ್ತಿತ್ತು. ಇವರು ದಿನಾ ಒಂದೇ ಕೇಳುತ್ತಿದ್ದರು: "ಒಬ್ರಾದ್ರೂ ಒಲೆ ಮೇಲಿಟ್ರೇನೇ?" ಒಬ್ಬರ ಮನೆಯಲ್ಲಿ ಅನ್ನ ಬೆಂದರೆ ಬೀದಿಯೇ ನಂಬುತ್ತದೆ, ನಾವು ಬದುಕಿಕೊಳ್ಳುತ್ತೇವೆ ಎಂದು ಅವರ ಲೆಕ್ಕ.

ಹಾಗಾಗಿ ಜವರಪ್ಪನಿಗೆ, "ಬಾರಪ್ಪಾ ಒಳಕ್ಕೆ, ನೋಡಿ ಆರಿಸ್ಕೋ" ಅಂದೆ. ಅವನು ರಂಗೋಲಿ ದಾಟಲಿಲ್ಲ.

"ಒಳಗೆ ಬರಂಗಿಲ್ಲ ಕಣವ್ವಾ. ನಮ್ಮವ್ವ ಬೆಳಗಿನ ಜಾವ ಹೋಗ್ಬಿಟ್ಲು."

ರಂಗೋಲಿ ಪುಡಿ ಕೆಳಗಿಟ್ಟು ಎದ್ದು ನಿಂತೆ.

"ಸೀಳು ಬಿಟ್ಟಿದ್ರೂ ಪರವಾಗಿಲ್ಲ, ಕೊಡು. ಸುಡುಗಾಡಲ್ಲಿ ಮೂರು ಸುತ್ತು ಸುತ್ತಿ ಒಡೆಯಾದು ತಾನೆ. ಅದಕ್ಕೆ ಯಾರ ಕೈಯಿಂದಾದ್ರೇನು?"

ಬೇಡ ಅನ್ನಬೇಕಿತ್ತು. ಅವನ ಕಂಕುಳಲ್ಲಿ ರಾಗಿಯ ಗಂಟು ಇತ್ತು. ಒಳಗೆ ಹೋಗಿ ಹನ್ನೊಂದನ್ನೂ ಬಡಿದು ನೋಡಿದೆ. ಗಣ್ಣೆಂದದ್ದನ್ನೇ ತಂದುಕೊಟ್ಟೆ. "ನಿಮ್ಮವ್ವಂಗೆ ಒಳ್ಳೇದೇ ಇರ್ಲಿ ಕಣಪ್ಪಾ." ಅವನು ಗಂಟನ್ನು ರಂಗೋಲಿಯಾಚೆ ಇಟ್ಟು ಹೋದ. ಬನಶಂಕರಿ ಬಾಗಿಲ ಮರೆಯಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

ರಾಗಿ ಬೀಸಿ ಅಂಬಲಿ ಕಾಯಿಸಿದೆ. ಇವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದೆ.

"ಯಾರೇ ಬಂದಿದ್ದು?"

"ಗಿರಾಕಿ."

"ಮಡಕೆ ತಗೊಂಡ್ರಾ? ಒಲೆಗೇನೇ?"

"ಹೂಂ."

ಇವರು ನಕ್ಕರು. ಎಷ್ಟೋ ದಿನದ ಮೇಲೆ ಇನ್ನೊಂದು ಲೋಟ ಕೇಳಿದರು. "ಇನ್ನೇನು, ಕುಂಬಾರತಿ ಆಗ್ಬಿಟ್ಟೆ ಬಿಡು" ಅಂದರು. ಹಾಗಂದು ಕೆಮ್ಮಿದರು. ಸೆರಗಿನಿಂದ ಬಾಯಿ ಒರೆಸಿ, ಕೆಂಪು ಕಾಣದಂತೆ ಮಡಚಿಕೊಂಡೆ.

ಮಧ್ಯಾಹ್ನ ತಿಗರಿಗೆ ಕೂತೆ. ಇವರು ಚಾಪೆಯ ಮೇಲಿಂದ ನೋಡುತ್ತಿದ್ದರು. ಜೇಡಿ ಅದುರದೆ ನಿಂತಿತು, ಹೆಬ್ಬೆರಳಿನ ಕೆಳಗೆ ಬಾಯಿ ಅಗಲವಾಗುತ್ತ ಬಂತು. ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಬನಶಂಕರಿ ನನ್ನ ಮಗ್ಗುಲಿಗೆ ಬಂದು ನಿಂತಳು. ಮಡಕೆ ನೋಡಿದಳು, ಅಪ್ಪನನ್ನು ನೋಡಿದಳು. ಸುಮ್ಮನಿರು ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವಳು ಗಟ್ಟಿಯಾಗಿಯೇ ಕೇಳಿದಳು:

"ಅಮ್ಮಾ, ಅಪ್ಪಂಗೂ ನೀನೇ ಮಾಡ್ಬೇಕಾ ಮಡಕೆ?"