ಕತ್ತಲಲ್ಲಿ ಟೈಪಾದ ಹನ್ನೊಂದು ಪುಟ

"ಕೈ ತೆಗೀರಿ! ಮೊದಲು ಆ ಗುಂಡಿ ಮೇಲಿಂದ ಕೈ ತೆಗೀರಿ!"

ಆಫ್‌ಆನ್ ಅಣ್ಣ ಬೆಚ್ಚಿಬಿದ್ದು ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡ. ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿರುವ ಮನುಷ್ಯ. ಅಂಗಡಿಗೆ ಯಾವ ಯಂತ್ರ ಬರಲಿ, ಅವನ ಮೊದಲ ಮದ್ದು ಒಂದೇ: ಆಫ್ ಮಾಡು, ಆನ್ ಮಾಡು. ಹತ್ತರಲ್ಲಿ ಆರು ಅಷ್ಟಕ್ಕೇ ಗುಣವಾಗುತ್ತಿದ್ದವು. ಬೀದಿಯವರು ಆ ಹೆಸರು ಕಟ್ಟಿದ್ದೇ ಅದಕ್ಕೆ; ಅವನೂ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದ. ಆದರೆ ಗುಂಡಿ ಒತ್ತಬೇಡ ಅಂತ ಅವನನ್ನು ಗದರಿದ ಗಿರಾಕಿ ಈವರೆಗೆ ಒಬ್ಬರೂ ಇರಲಿಲ್ಲ.

ಗದರಿದ್ದು ಅರವತ್ತು ದಾಟಿದ, ಕಡ್ಡಿಯಂಥ ಹೆಂಗಸು. ಲ್ಯಾಪ್‌ಟಾಪನ್ನು ತೆರೆದದ್ದು ತೆರೆದ ಹಾಗೇ, ಎರಡೂ ಕೈಯಲ್ಲಿ, ತುಂಬಿದ ಪಾತ್ರೆಯ ಹಾಗೆ ಹಿಡಿದು ಎರಡು ಬೀದಿ ನಡೆದು ಬಂದಿದ್ದಳು. ಚಾರ್ಜರಿನ ವೈರು ಕುತ್ತಿಗೆ ಸುತ್ತ ಇತ್ತು. ಯಂತ್ರದೊಳಗೆ ಫ್ಯಾನು ತಿರುಗುತ್ತಿತ್ತು, ಅಂಚಿನಲ್ಲಿ ಪುಟ್ಟ ದೀಪ ಹತ್ತಿಕೊಂಡಿತ್ತು. ಪರದೆ ಮಾತ್ರ ಕಾಡಿಗೆಯಷ್ಟು ಕಪ್ಪು.

"ಆಫ್ ಮಾಡಿದ್ರೆ ಹೋಗ್ಬಿಡುತ್ತಂತೆ. ನಾನು ಸೇವ್ ಮಾಡಿಲ್ಲ," ಅಂದಳು.

"ಇವತ್ತಿಂದು ತಾನೇ?"

"ಯಾವತ್ತಿಂದೂ ಮಾಡಿಲ್ಲ. ಎರಡು ತಿಂಗಳಿಂದ ಟೈಪ್ ಮಾಡ್ತಿದೀನಿ. ಮುಗಿದ ಮೇಲೆ ಮುಚ್ಚಿಡ್ತೀನಿ, ಮಾರನೇ ದಿನ ತೆಗೀತೀನಿ. ಪುಸ್ತಕ ಮುಚ್ಚಿದ್ರೆ ಅಕ್ಷರ ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿದ್ದೆ. ಸೇವ್ ಅಂತ ಒಂದಿದೆ ಅನ್ನೋದೇ ಇವತ್ತು ಪಕ್ಕದ ಮನೆಯವರು ಹೇಳಿದ ಮೇಲೆ ಗೊತ್ತಾಗಿದ್ದು."

ಪಕ್ಕದ ಕೌಂಟರಿನಲ್ಲಿ ವೈರುಗಳನ್ನು ಸುತ್ತುತ್ತಿದ್ದ ಆಫ್‌ಆನ್ ಅಣ್ಣನ ಹೆಂಡತಿ ಕಿಸಕ್ಕನೆ ನಕ್ಕಳು. ಅವನಿಗೆ ನಗು ಬರಲಿಲ್ಲ. ಯಂತ್ರ ಹಳೆಯದು; ಅದರಲ್ಲಿದ್ದ ಬರೆಯುವ ಪ್ರೋಗ್ರಾಮು ಅದಕ್ಕಿಂತ ಹಳೆಯದು. ತಾನಾಗಿ ಉಳಿಸಿಕೊಳ್ಳುವ ಬುದ್ಧಿ ಅದಕ್ಕಿರಲಿಲ್ಲ.

"ಹೋದ್ರೆ ಹೋಗ್ಲಿ, ಇನ್ನೊಂದ್ಸಲ ಬರೀಬಹುದಲ್ಲ ಮೇಡಂ," ಅಂದಳು ಹೆಂಡತಿ ಸಮಾಧಾನಕ್ಕೆ.

"ಹೇಗೆ ಬರೀಲಿ? ನನಗೆ ಒಂದು ಪದವೂ ನೆನಪಿಲ್ಲ."

ಆಮೇಲೆ ಅವಳು ನಿಂತೇ ಹೇಳಿದಳು. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಟೈಪಿಸ್ಟು. ಸಾಹೇಬರು ಹೇಳುತ್ತಾ ಹೋದಂತೆ ಹೊಡೆಯುತ್ತಾ ಹೋಗುವುದು. ಕಣ್ಣು ಸಾಹೇಬರ ಬಾಯಿ ಮೇಲೆ. ಹಾಳೆ ನೋಡುವ ಹಾಗಿಲ್ಲ, ಬೆರಳು ನೋಡುವ ಹಾಗಂತೂ ಇಲ್ಲವೇ ಇಲ್ಲ. "ಕಿವಿಗೆ ಬಿದ್ದದ್ದು ನೇರ ಬೆರಳಿಗೆ ಇಳಿಯುತ್ತೆ. ತಲೆ ಮಧ್ಯ ಬಂದ್ರೆ ತಪ್ಪಾಗುತ್ತೆ. ಸಾವಿರಾರು ತೀರ್ಪು ಹೊಡೆದಿದೀನಿ, ಯಾರಿಗೆ ಶಿಕ್ಷೆ ಆಯ್ತು, ಯಾರು ಬಿಡುಗಡೆ ಆದ್ರು, ಕೇಳಿದ್ರೆ ಒಂದೂ ಹೇಳಕ್ಕಾಗಲ್ಲ."

"ಮನೇಲಿ ಯಾವ ಸಾಹೇಬರು?"

"ನಮ್ಮಮ್ಮ." ಎಂಬತ್ತೆಂಟರ ತಾಯಿ ಎರಡು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಮಾತಿಗೆ ಶುರುವಿಟ್ಟುಕೊಂಡಿದ್ದರು. ದಿನಾ ಮಧ್ಯಾಹ್ನ ಒಂದು ಗಂಟೆ, ತಮ್ಮ ಹುಟ್ಟಿನಿಂದ ಹಿಡಿದು. ಇವಳು ಮಂಚದ ಪಕ್ಕ ಕೂತು, ಯಂತ್ರ ತೆರೆಯುವಾಗಲೂ ಪರದೆಯತ್ತ ಕಣ್ಣು ಹಾಯಿಸದೆ, ಅಮ್ಮನ ತುಟಿಯನ್ನೇ ನೋಡುತ್ತಾ ಹೊಡೆದಿದ್ದಳು. ಆಮೇಲೆ ನಿಧಾನಕ್ಕೆ ಓದಿಕೊಂಡರಾಯಿತು ಅಂತ. "ಸೋಮವಾರದಿಂದ ಅಮ್ಮನಿಗೆ ಮಾತು ನಿಂತಿದೆ. ಕಣ್ಣು ಬಿಡ್ತಾರೆ, ಕೈ ಹಿಡ್ಕೋತಾರೆ, ಅಷ್ಟೇ. ಮತ್ತೆ ಬರುತ್ತೆ ಅಂತ ಡಾಕ್ಟರು ಹೇಳ್ತಿಲ್ಲ. ಏನೇನು ಹೇಳಿದ್ರು ಓದೋಣ ಅಂತ ಇವತ್ತು ತೆಗೆದ್ರೆ ಹೀಗಿದೆ. ಇದು ಹೋದ್ರೆ ನನಗೆ ಅಮ್ಮನ ಮಾತೇ ಇಲ್ಲ." ಅವಳು ಕುತ್ತಿಗೆಯಿಂದ ಚಾರ್ಜರು ತೆಗೆದು ಮುಂದಿಟ್ಟಳು.

ವೈರು ಸುತ್ತುತ್ತಿದ್ದ ಹೆಂಡತಿಯ ಕೈ ನಿಂತುಹೋಗಿತ್ತು.

ಆಫ್‌ಆನ್ ಅಣ್ಣ ಚಾರ್ಜರು ಚುಚ್ಚಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೆಲಸಕ್ಕೆ ಕೂತ. ಮೊದಲು ಬೆಳಕು ಹೆಚ್ಚಿಸುವ ಕೀ ಒತ್ತಿದ. ಏನೂ ಇಲ್ಲ. ಪರದೆಯನ್ನು ಮೆಲ್ಲಗೆ ಹಿಂದೆ ಮುಂದೆ ಬಾಗಿಸಿದ. ಒಳಗಿನ ವೈರು ಸಡಿಲವಾಗಿದ್ದರೆ ಒಮ್ಮೆಯಾದರೂ ಮಿನುಗಬೇಕಿತ್ತು. ಅದೂ ಇಲ್ಲ. ಹೊರಗಿನ ದೊಡ್ಡ ಪರದೆಗೆ ಜೋಡಿಸೋಣವೆಂದರೆ, ವೈರು ಸಿಕ್ಕಿಸುವ ತೂತಿನೊಳಗಿನ ತಗಡು ಎಂದೋ ಸೊಟ್ಟಗಾಗಿ ಕೂತಿತ್ತು. ಹಣೆಯಿಂದ ಬೆವರು ಕೀಲಿಮಣೆಯ ಮೇಲೆ ಬೀಳದಿರಲೆಂದು ಹಿಂದಕ್ಕೆ ಸರಿದ. ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ಹೆಬ್ಬೆರಳು ತನ್ನ ಪಾಡಿಗೆ ತಾನು ಗುಂಡಿಯ ಮೇಲಿರುತ್ತಿತ್ತು.

"ಶಟರ್ ಎಳಿಯೇ," ಎಂದ ಹೆಂಡತಿಗೆ. "ಟಾರ್ಚ್ ಕೊಡು."

"ನಡು ಹಗಲಲ್ಲಿ ಟಾರ್ಚಾ?"

"ಕೊಡೇ ಮಾರಾಯ್ತಿ, ಆಮೇಲೆ ಆಡ್ಕೋ."

ಶಟರ್ ಮೊಣಕಾಲೆತ್ತರಕ್ಕೆ ಇಳಿಯಿತು. ಅಂಗಡಿ ಕತ್ತಲಾಯಿತು. ಅವನು ಟಾರ್ಚನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು ಓರೆಯಾಗಿ ಹಿಡಿದ. ಬಟ್ಟಲಗಲದ ಬೆಳಕು ಬಿತ್ತು. ಆ ಬೆಳಕಿನಲ್ಲಿ, ನೀರಿನ ತಳದಲ್ಲಿ ಕಂಡ ಹಾಗೆ, ಬೂದು ಬಣ್ಣದ ಅಕ್ಷರಗಳು ಸಾಲಾಗಿ ನಿಂತಿದ್ದವು.

ಈ ಉಪಾಯವನ್ನು ಅವನು ನೂರು ಸಲ ಮಾಡಿದ್ದ. ಪರದೆಯ ಹಿಂದಿನ ದೀಪ ಹೋಗಿದ್ದರೆ ಚಿತ್ರ ಕಾಣದು, ಆದರೆ ಇರುತ್ತದೆ. ಬೇರೆ ಬೆಳಕು ಬಿಟ್ಟರೆ ಕಾಣುತ್ತದೆ. ಇದರಲ್ಲಿ ಏನು ದೊಡ್ಡ ವಿಷಯ? ಆದರೂ ಇವತ್ತು ಮೈ ಜುಮ್ಮೆಂದಿತು.

"ಇದೆ ಮೇಡಂ," ಅಂದ. ಧ್ವನಿ ತಾನಾಗಿ ಸಣ್ಣದಾಗಿತ್ತು. "ಎಲ್ಲಾ ಹಾಗೇ ಇದೆ. ದೀಪ ಒಂದೇ ಹೋಗಿರೋದು."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಬಗ್ಗಿ ನೋಡಿದಳು. ಅಯ್ಯೋ ಅಯ್ಯೋ ಅಂದಳು.

ಅವನು ಸೇವ್ ಮಾಡಲು ಎರಡು ಕೀ ಒಟ್ಟಿಗೆ ಒತ್ತಿದ. ಟಾರ್ಚಿನಿಂದ ಹುಡುಕಿದಾಗ ನಡುಮಧ್ಯೆ ಒಂದು ಚೌಕ ಸಿಕ್ಕಿತು, ಹೆಸರು ಕೇಳುತ್ತಿತ್ತು. "ಏನಂತ ಇಡ್ಲಿ?"

"ಅಮ್ಮ ಅಂತಲೇ ಇಡಿ."

ಹೆಸರು ಹೊಡೆದು ಎಂಟರ್ ಒತ್ತಿದ. ಚೌಕ ಮಾಯವಾಯಿತು. ಬೆಳಕನ್ನು ಮೇಲಕ್ಕೆ ಸರಿಸಿದರೆ, ಪುಟದ ನೆತ್ತಿಯಲ್ಲಿ 'ಅಮ್ಮ' ಅಂತ ಬಂದಿತ್ತು. ಆಫ್‌ಆನ್ ಅಣ್ಣ ಉಸಿರು ಬಿಟ್ಟ ಸದ್ದು ಮೂವರಿಗೂ ಕೇಳಿಸಿತು. "ಇನ್ನು ಯಾರು ಏನು ಒತ್ತಿದ್ರೂ ಇದು ಹೋಗಲ್ಲ. ನಾಳೆ ಬನ್ನಿ, ಹೊಸ ಪರದೆ ಹಾಕಿರ್ತೀನಿ."

ಅವಳು ಕದಲಲಿಲ್ಲ. "ಕೊನೇ ದಿನದ್ದು ಇದೆಯಾ ನೋಡಿ. ದೀಪ ಯಾವತ್ತು ಹೋಯ್ತೋ ನನಗೆ ಗೊತ್ತಿಲ್ಲ. ಆಮೇಲೆ ಹೊಡೆದದ್ದೆಲ್ಲ ಬಿದ್ದಿದೆಯೋ, ಗಾಳಿಗೆ ಹೋಗಿದೆಯೋ."

ಕನ್ನಡಕ ಹಾಕಿದರೂ ಅವನಿಗೆ ಆ ಬೂದು ಅಕ್ಷರ ಓದಲು ಆಗುತ್ತಿರಲಿಲ್ಲ. ಹೆಂಡತಿ ಟಾರ್ಚ್ ಕಸಿದುಕೊಂಡು ಪರದೆಗೆ ಮೂಗು ತಾಗಿಸಿದಳು. ಅವನು ಪುಟ ಸರಿಸುತ್ತಾ ಹೋದ, ಅವಳು ಅಲ್ಲಲ್ಲಿ ನಿಲ್ಲಿಸಿ ಗಟ್ಟಿಯಾಗಿ ಓದಿದಳು.

"'ನೀನು ಹುಟ್ಟಿದಾಗ ಅಳಲೇ ಇಲ್ಲ. ನರ್ಸು ಕಾಲು ಹಿಡಿದು ತಲೆಕೆಳಗೆ ಮಾಡಿ ಎರಡು ಬಿಟ್ಟಳು. ಆಗಲೂ ಇಲ್ಲ. ನೀನು ಅವಳನ್ನೇ ದುರುಗುಟ್ಟಿ ನೋಡಿದೆ. ಅವಳೇ ಹೆದರಿ ನನ್ನ ಕೈಗೆ ಕೊಟ್ಟು ಹೋದಳು.'" ಓದುತ್ತಿದ್ದವಳಿಗೆ ನಗು ತಡೆಯಲಿಲ್ಲ. "ಅಬ್ಬಾ, ಹುಟ್ಟುತ್ತಲೇ ಕೋರ್ಟು!"

ಟೈಪಿಸ್ಟು ನಗಲಿಲ್ಲ. ಆಫ್‌ಆನ್ ಅಣ್ಣ ಆಗ ನೋಡಿದ: ಗಾಜಿನ ಕೌಂಟರಿನ ಮೇಲೆ ಅವಳ ಹತ್ತೂ ಬೆರಳು ಓಡುತ್ತಿದ್ದವು. ಕೇಳಿದ್ದನ್ನು ಕೇಳಿದ ಹಾಗೆ ಗಾಜಿನ ಮೇಲೆ ಹೊಡೆಯುತ್ತಿದ್ದಳು, ತನಗೇ ಅರಿವಿಲ್ಲದೆ.

"'ಪೆಟ್ಟಿಗೆ ಕಪ್ಪಾಯ್ತಲ್ಲೇ,'" ಹೆಂಡತಿ ಓದಿ, ಥಟ್ಟನೆ ತಡೆದಳು. "ಇದೇನ್ರೀ ಇದು? 'ದೀಪ ಹೋಯ್ತು ನೋಡು. ನೋಡೇ ಇತ್ತ. ನೋಡಲ್ಲ ಇವಳು. ಹೋಗ್ಲಿ ಬಿಡು, ಎಲ್ಲಿದ್ದೆ ನಾನು?'"

ದೀಪ ಆರಿದ್ದನ್ನು ತಾಯಿ ನೋಡಿದ್ದರು, ಹೇಳಿದ್ದರು. ಮಗಳು ಅದನ್ನೂ ಅಚ್ಚುಕಟ್ಟಾಗಿ ಟೈಪ್ ಮಾಡಿ ಮುಂದಕ್ಕೆ ಹೋಗಿದ್ದಳು. ಕೆಳಗೆ ಪುಟದ ಸಂಖ್ಯೆ ಅರವತ್ತೆರಡು. ಕೊನೆಗೆ ಹೋಗಿ ನೋಡಿದರೆ ಎಪ್ಪತ್ಮೂರು. ಹನ್ನೊಂದು ಪುಟ ಕಪ್ಪು ಪರದೆಯ ಮೇಲೆ ಬಿದ್ದಿತ್ತು, ಒಂದು ಅಲ್ಪವಿರಾಮವೂ ತಪ್ಪದೆ. ಇಪ್ಪತ್ತೆರಡು ವರ್ಷದಲ್ಲಿ ತಾನು ಕಂಡ ಯಾವ ಯಂತ್ರವೂ ಹೀಗೆ ಕೆಲಸ ಮಾಡಿದ್ದಿಲ್ಲ ಅಂದುಕೊಂಡ ಆಫ್‌ಆನ್ ಅಣ್ಣ.

"ಕೊನೇ ಪುಟ ಓದಿ," ಅಂದಳು ಟೈಪಿಸ್ಟು. ಬೆರಳು ಸಿದ್ಧವಾಗಿ ನಿಂತಿದ್ದವು.

"'ಪುಟ್ಟಿ, ಸಾಕು, ಕೈ ನಿಲ್ಲಿಸು. ಇದನ್ನ ಬರೀಬೇಡ. ಇದು ನಿನಗೊಬ್ಬಳಿಗೇ ಹೇಳ್ತಿರೋದು. ಕೇಳ್ತಿದೀಯಾ, ಇಲ್ಲಾ ಬರೀ ಬಡೀತಿದೀಯಾ?'"

ಅದರ ಕೆಳಗೆ ಅರ್ಧ ಪುಟ ಇತ್ತು. ಹೆಂಡತಿ ಟಾರ್ಚನ್ನು ನೆಲಕ್ಕೆ ತಿರುಗಿಸಿಬಿಟ್ಟಳು.

"ಯಾಕೆ? ಓದಿ."

"ಇಲ್ಲ ಮೇಡಂ. ನಾವು ಓದಬಾರದು." ಹೆಂಡತಿ ಅವಳ ಬಲಗೈಯನ್ನು ಗಾಜಿನ ಮೇಲಿಂದ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಚಿ, ಟಾರ್ಚ್ ಹಿಡಿಸಿದಳು. "ನೀವೇ ಕೇಳಿಸ್ಕೊಳಿ," ಅಂದು ಗಂಡನ ತೋಳು ಹಿಡಿದೆಳೆದಳು.

ಇಬ್ಬರೂ ಬಗ್ಗಿ ಶಟರಿನ ಕೆಳಗಿಂದ ಹೊರಬಂದು ಬಿಸಿಲಿನಲ್ಲಿ ನಿಂತರು. ಆಫ್‌ಆನ್ ಅಣ್ಣನ ಕಣ್ಣು ಒದ್ದೆಯಾಗಿತ್ತು. ಬಿಸಿಲು ಅಂತ ಹೇಳಿಕೊಂಡ, ಹೆಂಡತಿ ಹೂಂ ಅಂದಳು. ಅಷ್ಟರಲ್ಲಿ ಪ್ರಿಂಟರನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬ ಗಿರಾಕಿ ಬಂದ.

"ಏನಣ್ಣ, ಹಗಲು ಹೊತ್ತಲ್ಲೇ ಅಂಗಡಿ ಮುಚ್ಚಿದೀರಿ?"

ಆಫ್‌ಆನ್ ಅಣ್ಣ ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣೊರೆಸಿಕೊಂಡ.

"ಒಳಗೆ ಒಬ್ಬರ ಹತ್ರ ಅವರಮ್ಮ ಮಾತಾಡ್ತಿದಾರೆ," ಅಂದಳು ಹೆಂಡತಿ. "ಸ್ವಲ್ಪ ತಡೀರಿ."

ಗಿರಾಕಿ ಶಟರಿನತ್ತ ಕಿವಿ ಕೊಟ್ಟ. ಒಂದು ಚೂರೂ ಸದ್ದಿಲ್ಲ. ಅವನು ಇವರಿಬ್ಬರ ಮುಖ ನೋಡಿದ. ಆಮೇಲೆ ಪ್ರಿಂಟರನ್ನು ಸಪ್ಪಳವಾಗದಂತೆ ಮೆಟ್ಟಿಲ ಮೇಲಿಟ್ಟು, ಅವರ ಪಕ್ಕದಲ್ಲೇ ನಿಂತುಕೊಂಡ.