ಸಿಸ್ಟಂ ಮಾವನ ಏಕಾದಶಿ

ಕೊಯಮತ್ತೂರಿನ ಆ ಮನೆಯಲ್ಲಿ ವ್ಯಾಸರಾಯರು ಇಬ್ಬರಿದ್ದರು. ಒಬ್ಬರು ಪಂಪ್ ಕಾರ್ಖಾನೆಯಲ್ಲಿ ಡಿಸೈನರ್ ಆಗಿದ್ದು ನಿವೃತ್ತರಾದವರು, ವರಾಂಡದ ಕುರ್ಚಿಯಲ್ಲಿರುತ್ತಿದ್ದರು. ಇನ್ನೊಬ್ಬರು ಸೊಸೆ ಗೋಪಿಕಾಳ ಕಂಪ್ಯೂಟರಿನಲ್ಲಿರುತ್ತಿದ್ದರು.

ಮೈಸೂರಿನಿಂದ ಸೊಸೆಯಾಗಿ ಬಂದ ಗೋಪಿಕಾ ಇಲ್ಲಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ದೇಹದಲ್ಲಿ ಸಕ್ಕರೆ ಏರಿಳಿಯುವುದನ್ನು ಸಮೀಕರಣಗಳಲ್ಲಿ ಹಿಡಿಯುವುದು ಅವಳ ವಿಷಯ. ಸಕ್ಕರೆ ಕಾಯಿಲೆಯ ಮಾವ ಮನೆಯಲ್ಲೇ ಸಿಕ್ಕರು. ಅವರ ತೋಳಿಗೆ ಸೆನ್ಸರ್ ಅಂಟಿಸಿ, ಅವರ ಹೊಟ್ಟೆ, ಯಕೃತ್ತು, ರಕ್ತವನ್ನೆಲ್ಲ ಲೆಕ್ಕಕ್ಕಿಳಿಸಿ ಒಂದು ಮಾಡೆಲ್ ಕಟ್ಟಿದಳು. ಏನು ತಿಂದರೆ ಸಕ್ಕರೆ ಎಲ್ಲಿಗೇರುತ್ತದೆಂದು ಅದು ತಿನ್ನುವ ಮೊದಲೇ ಹೇಳುತ್ತಿತ್ತು. ಮನೆಯವರು ಅದಕ್ಕಿಟ್ಟ ಹೆಸರು ಸಿಸ್ಟಂ ಮಾವ.

ವ್ಯಾಸರಾಯರ ಹೆಂಡತಿ ಪದ್ಮಾಕ್ಷಿ ಬಡಿಸುವ ಕ್ರಮವನ್ನೇ ಬದಲಿಸಿಬಿಟ್ಟರು. ಮೊದಲು ದೇವರಿಗೆ ನೈವೇದ್ಯ. ಆಮೇಲೆ ಸಿಸ್ಟಂ ಮಾವನಿಗೆ. ಪರದೆಯಲ್ಲಿ ಸಕ್ಕರೆಯ ಗೆರೆ ಕೆಂಪಾಗದಿದ್ದರೆ ಮಾತ್ರ ವ್ಯಾಸರಾಯರಿಗೆ.

"ಡಾಕ್ಟರು ಬರೆದದ್ದು ಇನ್ಸುಲಿನ್ನು, ನೀವು ಕೊಡ್ತಿರೋದು ಇನ್ಸಲ್ಟು" ಎಂದು ಅವರು ಗೊಣಗುತ್ತಿದ್ದರು.

ಆದರೂ ಅವರು ಒಂದು ಆಸೆ ಹಿಡಿದುಕೊಂಡಿದ್ದರು. ಗುರುರಾಯರ ಆರಾಧನೆಯ ದಿನ ಮನೆಯಲ್ಲಿ ಹಯಗ್ರೀವ ಮಾಡುತ್ತಾರೆ. ಕಡಲೆಬೇಳೆ, ಬೆಲ್ಲ, ತುಪ್ಪ ಒಂದರ ಹೆಗಲ ಮೇಲೆ ಒಂದು ಕೈಹಾಕಿ ಬೆಂದದ್ದು. ವರ್ಷಗಳಿಂದ ಅದರ ವಾಸನೆಯಷ್ಟೇ ಅವರ ಪಾಲು. ಈ ಸಲ ಗೋಪಿಕಾ ಏನೇನೋ ತಿದ್ದಿ, ಊಟವಾದ ಮೇಲೆ ಮಠದ ತನಕ ನಡೆದು ಬಂದರೆ ಅರ್ಧ ಸೌಟು ಪರವಾಗಿಲ್ಲ ಎಂದು ಸಿಸ್ಟಂ ಮಾವನಿಂದ ಒಪ್ಪಿಗೆ ಕೊಡಿಸಿದ್ದಳು. ವ್ಯಾಸರಾಯರು ನಿದ್ದೆಯಲ್ಲೂ ಚಪ್ಪರಿಸತೊಡಗಿದರು.

ಆರಾಧನೆಗೆ ಮೊದಲು ಏಕಾದಶಿ ಬಂತು.

"ಇವ್ರಿಗೆ ಉಪವಾಸ ಕೂಡಾದು ಅಂದ್ಬಿಟ್ರು ಡಾಕ್ಟರು" ಎಂದರು ಪದ್ಮಾಕ್ಷಿ. "ಪುಣ್ಯ ಸುಮ್ನಾ ವೇಸ್ಟಾಗ್ತದೆ. ಗೋಪೀ, ಒಳಗಿರೋರಿಗೆ ಡಾಕ್ಟರ್ ಇಲ್ಲೆ ಅಲ್ವಾ? ಇವ್ರ ಬದ್ಲು ಅವ್ರು ಇರ್ಲಿ. ನಿರ್ಜಲ."

"ಅತ್ತೆ, ಅದು ಬರೀ ಗಣಿತ."

"ಗಣಿತ ಆದ್ರೇನು, ಇರೋದು ನಮ್ಮನೇಲಿ ತಾನೇ?"

ಗೋಪಿಕಾ ನಗುತ್ತ, ಆಹಾರದ ಜಾಗದಲ್ಲೆಲ್ಲ ಸೊನ್ನೆ ಒತ್ತಿ ಕಾಲೇಜಿಗೆ ಹೋದಳು. ಲೆಕ್ಕದೊಳಗಿನ ಇನ್ಸುಲಿನ್ ಮಾತ್ರ ಎಂದಿನಂತೆ ತಾನಾಗಿಯೇ ಬೀಳುತ್ತಿತ್ತು. ಅದನ್ನು ನಿಲ್ಲಿಸಲು ಮರೆತಳು. ವ್ಯಾಸರಾಯರು ವರಾಂಡದಲ್ಲಿ ಅವಲಕ್ಕಿ ಮೆಲ್ಲುತ್ತಿರುವಾಗ ಒಳಗೆ ಗೆರೆ ಇಳಿಯಿತು, ಇನ್ನೂ ಇಳಿಯಿತು, ನಿಂತಿತು. "ಈ ಸ್ಥಿತಿಯಲ್ಲಿ ಜೀವ ಸಾಧ್ಯವಿಲ್ಲ, ಲೆಕ್ಕ ಮುಗಿದಿದೆ" ಎಂದು ಪರದೆ ಇಂಗ್ಲಿಷಿನಲ್ಲಿ ಹೇಳಿತು.

"ಅಯ್ಯಯ್ಯೋ, ನಮ್ಮೋರು ಹೋಗ್ಬಿಟ್ರೂ!"

ಪದ್ಮಾಕ್ಷಿಯ ಕೂಗಿಗೆ ಪಕ್ಕದ ಮನೆಯ ತಂಗಮಣಿ ಎದೆ ಬಡಿದುಕೊಳ್ಳುತ್ತ ಓಡಿಬಂದಳು. ಬಾಗಿಲಲ್ಲಿ ಸತ್ತವರೇ ಎದ್ದು ನಿಂತು, "ಎನ್ನಾಚ್ಚು ತಂಗಮಣಿ?" ಎಂದು ತಮಿಳಿನಲ್ಲಿ ಏನಾಯಿತೆಂದು ವಿಚಾರಿಸಿದರು. "ನೀಂಗ ಪೋಯ್ಟೀಂಗಳಾಮೇ ಅಯ್ಯಾ!" ನೀವು ಹೋದಿರಂತಲ್ಲ ಎಂದವಳೇ, ಹೋದವರು ಹೀಗೆ ಎದುರಿಗೆ ನಿಲ್ಲಬಾರದೆಂದು ಬೈದು, ಅಳುವುದಕ್ಕೆ ಒಳಗೆ ಹೋದಳು.

ಪದ್ಮಾಕ್ಷಿ ಮೆಟ್ಟುಪಾಳ್ಯಂನಲ್ಲಿದ್ದ ಪುರೋಹಿತ ಸುಶೀಂದ್ರಾಚಾರ್ಯರಿಗೆ ಫೋನ್ ಮಾಡಿ ಸಿಸ್ಟಂ ಮಾವ ಹೋದ ಸುದ್ದಿ ಹೇಳಿದರು. ಆಚಾರ್ಯರದು ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಬೆಳೆದ ದನಿ.

"ಗೋತ್ರಂ?"

"ಇವ್ರದೇ."

"ಹೋದದ್ದು ಹ್ಯಾಗೆ?"

"ಏಕಾದಶಿ ಉಪವಾಸದಲ್ಲಿ."

"ಆಹಾಹಾ! ಎಂಥಾ ಸಾವಮ್ಮಾ! ಹತ್ತು ದಿವಸ ಸೂತಕಂ. ಆರಾಧನೆ ಅದ್ರೊಳಗೇ ಬರ್ತದೆ. ಈ ವರ್ಷ ಮನೇಲಿ ಏನೂ ಮಾಡೋ ಹಾಗಿಲ್ಲೆ."

ತಮ್ಮ ಮರಣಕ್ಕೆ ಕದಲದೆ ಕೂತಿದ್ದ ವ್ಯಾಸರಾಯರು ಹಯಗ್ರೀವದ ಮರಣಕ್ಕೆ ಹಾರಿ ಬಂದು ಫೋನ್ ಕಿತ್ತುಕೊಂಡರು.

"ಆಚಾರ್ರೇ, ನಾನು ವ್ಯಾಸರಾಯ!"

"ಯಾವ ವ್ಯಾಸರಾಯ?"

"ಹೊರಗಿನವ!"

"ನೀವು ಸ್ವಲ್ಪ ಸುಮ್ನಿರಿ. ದುಃಖದಲ್ಲಿರೋರ ಹತ್ರ ಮಾತಾಡ್ತಿದೀನಿ."

ಸಂಜೆ ಗೋಪಿಕಾ ಬಂದು ವಿಷಯ ಕೇಳಿ ತಲೆ ಚಚ್ಚಿಕೊಂಡಳು. "ಒಂದು ಬಟನ್ ಒತ್ತಿದರೆ ಮತ್ತೆ ಶುರುವಾಗುತ್ತೆ ಅತ್ತೆ!"

"ಹೋದೋರನ್ನ ಎಬ್ಬಿಸ್ತೀಯಾ? ಬೇಡ ಕಣೇ, ಮನೇಲಿ ಗರ್ಭಿಣಿಯರು ಬಂದು ಹೋಗ್ತಾರೆ."

"ನೀರಿಲ್ದೆ ಓಡಿಸಿದ್ರೆ ಯಾವ ಪಂಪಾದ್ರೂ ಸುಟ್ಟುಹೋಗ್ತದೆ" ಎಂದು ವ್ಯಾಸರಾಯರು ಅತ್ತಿಂದಿತ್ತ ನಡೆದರು. ತಟ್ಟನೆ ನಿಂತು ಕೇಳಿದರು: "ಗೋಪಿಕಾ, ಸೂತಕ, ಶ್ರಾದ್ಧ ಎಲ್ಲಾ ಸೇರಿ ಒಳಗಿನವನಿಗೆ ಹನ್ನೆರಡು ದಿನ ಕಳೆಯೋಕೆ ಎಷ್ಟು ಹೊತ್ತು?"

"ಸಿಸ್ಟಂನಲ್ಲಾ ಮಾವ? ಕುಕ್ಕರ್ ಒಂದು ಸಲ ಕೂಗೋಷ್ಟರಲ್ಲಿ ಮುಗಿಯುತ್ತೆ."

ಅವರು ಮತ್ತೆ ಫೋನ್ ಹಿಡಿದರು. "ಆಚಾರ್ರೇ, ಪಿತೃಗಳಿಗೆ ನಮ್ಮ ಒಂದು ತಿಂಗಳು ಒಂದೇ ದಿನ ಅಲ್ವಾ? ಹಾಗಾದ್ರೆ ಸೂತಕಕ್ಕೆ ಹೋದವರ ಗಡಿಯಾರ ನೋಡ್ಬೇಕೋ, ಇರೋರದ್ದೋ?"

ಆಚಾರ್ಯರ ಮೂಗು ಬಹಳ ಹೊತ್ತು ಯೋಚಿಸಿತು. "ಹೋದವರದ್ದೇ ಪ್ರಮಾಣಂ" ಎಂದು ಕಡೆಗೆ ತೀರ್ಪು ಕೊಟ್ಟಿತು.

ಮರುದಿನ ಬೆಳಿಗ್ಗೆ ಆಚಾರ್ಯರು ಬಸ್ಸಿಳಿದು ಬಂದರು. ಕುಕ್ಕರ್ ಕೂಗಿತು. ಸೂತಕ ಕಳೆಯಿತು. ಇನ್ನುಳಿದದ್ದು ಶ್ರಾದ್ಧದ ಊಟ. ಹೋದವರ ಸ್ಥಾನದಲ್ಲಿ ಒಬ್ಬ ಬ್ರಾಹ್ಮಣನನ್ನು ಕೂರಿಸಿ ತೃಪ್ತಿಯಾಗುವಷ್ಟು ಬಡಿಸಬೇಕು.

"ವಯಸ್ಸು, ಮೈಕಟ್ಟು, ನಾಲಗೆ ಎಲ್ಲಾ ಹೋದವರ ಹಾಗೇ ಇರೋರು ಸಿಕ್ರೆ ಶ್ರೇಷ್ಠಂ" ಎಂದು ಆಚಾರ್ಯರು ಹೇಳಿ ತಿರುಗುವಷ್ಟರಲ್ಲಿ ವ್ಯಾಸರಾಯರು ಮಿಂದು, ಪಂಚೆಯುಟ್ಟು ಎಲೆಯ ಮುಂದಿದ್ದರು.

"ಹೋದವರಿಗೆ ಏನು ಇಷ್ಟವಿತ್ತಮ್ಮಾ?"

ಪದ್ಮಾಕ್ಷಿಗೆ ಕಣ್ಣು ತುಂಬಿ ಬಂತು. "ಹಯಗ್ರೀವ, ಆಚಾರ್ರೇ. ಪಾಪ, ಅರ್ಧ ಸೌಟಿಗಿಂತ ಜಾಸ್ತಿ ಒಂದ್ಸಲಾನೂ ಗೆರೆ ಕೆಂಪಾಗ್ದೆ ತಿನ್ನಲಿಲ್ಲೆ."

ಸರಿ, ಹಯಗ್ರೀವ ಬಂತು. ಅರ್ಧ ಸೌಟಲ್ಲ, ಪಾತ್ರೆಯೇ ಬಂತು. ಮೊದಲ ಸೌಟು ವ್ಯಾಸರಾಯರು ಕಣ್ಣು ಮುಚ್ಚಿ ತಿಂದರು. ಎರಡನೆಯದನ್ನು ಕಣ್ಣು ಬಿಟ್ಟು, ಎಲ್ಲರನ್ನೂ ನೋಡುತ್ತ ತಿಂದರು. ಅವರ ತೋಳಿನ ಸೆನ್ಸರ್ ಗೋಪಿಕಾಳ ಫೋನಿನಲ್ಲಿ ಕಿರುಚತೊಡಗಿತು. ಇನ್ಸುಲಿನ್ ಪೆನ್ನು ಹಿಡಿದು ಅವಳು ಮಾವನ ಬೆನ್ನಿಗೆ ಬಂದು ನಿಂತಳು.

"ಅತ್ತೆ, ನಿಲ್ಲಿಸಿ! ಇದು ನಿಜವಾದ ಮಾವ!"

"ಛೇ, ಎಲೆ ಮುಂದೆ ಕೂತ ಬ್ರಾಹ್ಮಣರಿಗೆ ಸಾಕು ಅನ್ನೋ ಹಾಗಿಲ್ಲೆ. ಅವ್ರೇ ಅನ್ಬೇಕು." ಪದ್ಮಾಕ್ಷಿ ಸೌಟು ಹಿಡಿದ ಕೈಯನ್ನು ಜೋಡಿಸಿ ಗಂಡನ ಎದುರು ಬಾಗಿದರು. "ತೃಪ್ತಿಯಾಯ್ತಾ?"

 ಈ ಪ್ರಶ್ನೆಯನ್ನು ವ್ಯಾಸರಾಯರಿಗೆ ಯಾರೂ ನೇರವಾಗಿ ಕೇಳಿ ಎಷ್ಟೋ ಕಾಲವಾಗಿತ್ತು. ಕತ್ತು ತಿರುಗಿಸಿ ಸೊಸೆಯನ್ನು ಕೇಳಿದರು.

"ಆಯ್ತೇನಮ್ಮಾ ನಂಗೆ?"

"ನನಗೆ ಹೇಗೆ ಗೊತ್ತಾಗಬೇಕು ಮಾವ? ಹೇಳೋರು ಹೋದರಲ್ಲ."

ಅವರು ಎಡಗೈಯನ್ನು ಹೊಟ್ಟೆಯ ಮೇಲಿಟ್ಟು, ನಿಂತ ಮೋಟಾರಿನ ಬಿಸಿ ನೋಡುವವರಂತೆ ಸವರಿದರು.

"ಇದನ್ನ ಓಡಿಸಿ ನೋಡಿ ಭಾಳ ವರ್ಷ ಆಯ್ತು ಪದ್ಮಾ. ಇನ್ನೊಂದು ಸೌಟು ಹಾಕು. ನೋಡಿ ಹೇಳ್ತೀನಿ."